ಸಂಚಾಲಕರ ಸನ್ಮಾನ ಪತ್ರ

ಸನ್ಮಾನ ಪತ್ರದ ಚೌಕಟ್ಟಿನಲ್ಲಿ ಹದಿನಾಲ್ಕು ಸಾಲಿಗಿಂತ ಹೆಚ್ಚು ಹಿಡಿಸುವುದಿಲ್ಲ. ಮೇಲೆ ಭಾವಚಿತ್ರಕ್ಕೆ, ಕೆಳಗೆ ಅಧ್ಯಕ್ಷರ ಸಹಿಗೆ ಜಾಗ ಬಿಡಬೇಕು.

ಆ ಸಾಲುಗಳನ್ನು ಬರೆಯಬೇಕಾದವಳು ನಾನು. ಕಾರ್ಕಳದಿಂದ ಬಜಗೋಳಿಗೆ ಹೋಗುವ ದಾರಿಯ ಒಂದು ಖಾಸಗಿ ಶಾಲೆಯಲ್ಲಿ ಮೂರು ವರ್ಷದಿಂದ ಕನ್ನಡ ಕಲಿಸುತ್ತಿದ್ದೆ. ಸೇರುವಾಗ ಪರಿಶೀಲನೆಗೆಂದು ತೆಗೆದುಕೊಂಡ ನನ್ನ ಮೂಲ ಅಂಕಪಟ್ಟಿಗಳು ಶಾಲೆಯ ಸಂಚಾಲಕರ ಬೀರುವಿನಲ್ಲೇ ಉಳಿದಿದ್ದವು. ಈಗ ಮಣಿಪಾಲದ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತ್ತು. ಬುಧವಾರದೊಳಗೆ ಅವನ್ನು ಅಲ್ಲಿ ತೋರಿಸಬೇಕಿತ್ತು. ಸಂಚಾಲಕರನ್ನು ಎರಡು ಬಾರಿ ಕೇಳಿದ್ದೆ. “ನೋಡುವ” ಎಂದಿದ್ದರು. ಅಷ್ಟರಲ್ಲಿ ಊರಿನ ಸಂಘದವರು ಅವರನ್ನು ಸನ್ಮಾನಿಸುವುದೆಂದಾಯಿತು. ಪತ್ರ ಬರೆಸಿ ತರುವ ಕೆಲಸ, ನಮ್ಮಲ್ಲಿ ಎಷ್ಟೋ ಸಲ ಆಗುವ ಹಾಗೆ, ಸನ್ಮಾನಿತರ ಪಾಲಿಗೇ ಬಂತು; ಅವರು ಅದನ್ನು ನನಗೆ ದಾಟಿಸಿದರು. ಚೆನ್ನಾಗಿ ಬರೆದುಕೊಟ್ಟರೆ ಬೀರು ತೆರೆಯಬಹುದು ಎಂದುಕೊಂಡೆ.

‘ಆಲದ ಮರದಂತೆ ನೆರಳಿತ್ತವರು’ ಎಂದು ಬರೆದಿದ್ದೆ. ಸಂಚಾಲಕರು ಅಲ್ಲಿ ಬೆರಳಿಟ್ಟರು.

“ಟೀಚರೇ, ಇದು ‘ಮರದಂತೆ’ ಎಂತಕ್ಕೆ? ಹಾಗೆ ಹೇಳಿದರೆ ನಾನು ಮರ ಅಲ್ಲ ಅಂತ ಆಯಿತು, ಅಲ್ವಾ?”

ಉಪಮೆಗೂ ರೂಪಕಕ್ಕೂ ಇರುವ ವ್ಯತ್ಯಾಸವನ್ನು ಒಂಬತ್ತನೇ ತರಗತಿಗೆ ನಾನು ಇಷ್ಟು ಚುಟುಕಾಗಿ ಹೇಳಿದ್ದಿಲ್ಲ. ಉಪಮೆಯಲ್ಲಿ ಎರಡು ವಸ್ತುಗಳು ಪಕ್ಕಪಕ್ಕದಲ್ಲಿರುತ್ತವೆ; ನಡುವೆ ಸ್ವಲ್ಪ ತೆರಪು. ಬರೆಯುವವರು ಅಲ್ಲಿ ನಿಂತು, ಇದು ಬರೀ ಹೋಲಿಕೆ ಎಂದು ಸಮಾಧಾನ ಪಟ್ಟುಕೊಳ್ಳಬಹುದು. ರೂಪಕದಲ್ಲಿ ಆ ತೆರಪಿಲ್ಲ. ನಾನು ‘ಅಂತೆ’ಯನ್ನು ಹೊಡೆದುಹಾಕಿದೆ. ಅವರು ಆಲದ ಮರವೇ ಆದರು. ಮುಂದಿನ ಸಾಲುಗಳಲ್ಲಿ ದೀಪಸ್ತಂಭವೂ ಕಾಮಧೇನುವೂ ಆದರು. ಓದಿ, ತಲೆಯಾಡಿಸಿ, ಮಡಚಿ ಕಿಸೆಗೆ ಹಾಕಿಕೊಂಡರು. ಬೀರುವಿನ ಮಾತೆತ್ತಲಿಲ್ಲ.

ಭಾನುವಾರ ಸಭೆ. ನಿರೂಪಕರು ಪ್ರತಿ ರೂಪಕದ ಬಳಿಕ ಚಪ್ಪಾಳೆಗೆಂದು ನಿಲ್ಲಿಸಿ ಓದಿದರು. ಶಾಲು, ಪೇಟ, ಹಣ್ಣಿನ ಬುಟ್ಟಿ ಸ್ವೀಕರಿಸಿದ ಸಂಚಾಲಕರು ಮೈಕ್ ಹಿಡಿದು ನನ್ನತ್ತ ಕೈತೋರಿದರು.

“ಬರೆದದ್ದು ನಮ್ಮ ಕನ್ನಡ ಟೀಚರ್. ಮಣಿಪಾಲಕ್ಕೆ ಹೋಗ್ತೇನೆ ಅಂತಾರೆ. ಇಂಥವರನ್ನು ಬಿಟ್ಟುಕೊಡುವುದುಂಟಾ?”

ಸಭೆ ನಕ್ಕಿತು. ಎದ್ದು ಕೈಮುಗಿಯಬೇಕಾಯಿತು, ಮುಗಿದೆ.

ಪಕ್ಕದಲ್ಲಿದ್ದ ಗಣಿತದ ಟೀಚರ್ ನನ್ನ ಸೆರಗೆಳೆದು ಕೂರಿಸಿದರು. “ಮರ ನೆಟ್ಟದ್ದು ನೀವೇ ಅಲ್ವಾ ಮಾರಾಯ್ತಿ? ಇನ್ನು ನೆರಳಲ್ಲಿ ಕೂತುಕೊಳ್ಳಿ.”

ನನಗೂ ನಗು ಬಂತು. ಊಟಕ್ಕೆ ನಿಲ್ಲದೆ ಮನೆಗೆ ಹೊರಟೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ, ಶಾಲೆಯ ಕಚೇರಿಯಲ್ಲಿ ಗುಮಾಸ್ತೆಯ ಮುಂದೆ ಒಂದು ಅರ್ಜಿಯ ಎರಡು ಪ್ರತಿ ಇಟ್ಟೆ. ‘ನನ್ನ ಮೂಲ ಅಂಕಪಟ್ಟಿಗಳು ನಿಮ್ಮಲ್ಲಿವೆ. ಇಂದು ಹಿಂದಿರುಗಿಸಿ.’ ಅಷ್ಟೇ. ಒಂದಕ್ಕೆ ಸ್ವೀಕೃತಿಯ ಮುದ್ರೆ ಹಾಕಿಕೊಡಿ ಎಂದೆ.

“ಸರ್ ಬರಲಿ. ನೀವು ಕ್ಲಾಸಿಗೆ ಹೋಗಿ.”

ನಾನು ಬೀರುವಿನ ಎದುರಿನ ಬೆಂಚಿನಲ್ಲಿ ಕುಳಿತೆ. ಗಂಟೆ ಹೊಡೆಯಿತು. ಏಳಲಿಲ್ಲ.