ಲ್ಯಾಮಿನೇಷನ್ ಮಾಡಿಸಿದ ಕಾಗದಗಳು

ನಮ್ಮ ಅಮ್ಮ ಮದುವೆಗೆ ಮೊದಲು ಕರಾವಳಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಆಯಾ ಆಗಿದ್ದಳು. ಅಲ್ಲಿದ್ದ ಇಂಗ್ಲೆಂಡಿನ ನರ್ಸಮ್ಮ ಕ್ವೇಕರ್ ಪಂಥದವರು. ಅವರಲ್ಲಿ ಪಾದ್ರಿ ಇಲ್ಲ, ಎಲ್ಲರೂ ಸುಮ್ಮನೆ ಕೂತರೆ ಅದೇ ಪ್ರಾರ್ಥನೆ ಎಂದು ಅಮ್ಮ ಹೇಳುತ್ತಿದ್ದಳು. ತಾವು ಕನ್ನಡ ಕಲಿಯುತ್ತ ಅಮ್ಮನಿಗೂ ಅಕ್ಷರ ಕಲಿಸಿದವರು ಅವರೇ. ತಮ್ಮ ದೇಶಕ್ಕೆ ಮರಳಿದ ಮೇಲೆ ಅವರು ಕನ್ನಡದಲ್ಲೇ ಬರೆದ ಹತ್ತೊಂಬತ್ತು ಕಾಗದಗಳು ನಮ್ಮ ಮನೆಯಲ್ಲಿದ್ದವು. ಉತ್ತರ ಬರೆಯುವ ಮೊದಲು ಅಮ್ಮ ಅದೇ ಕಾಗದದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದು ನೋಡುತ್ತಿದ್ದಳು. ಅವಳು ಕಳಿಸಿದ ಉತ್ತರಗಳು ಎಲ್ಲೂ ಸಿಗಲಿಲ್ಲ. ಅವಳ ಕೈಬರಹ ಅಂತ ಉಳಿದದ್ದು ಆ ಅಂಚುಗಳಲ್ಲಿ ಮಾತ್ರ.

ಇಂಗ್ಲೆಂಡಿನಲ್ಲಿ ಕ್ವೇಕರರ ಹಳೆಯ ಕಾಗದಪತ್ರಗಳನ್ನು ಜೋಪಾನ ಮಾಡುವ ಸಂಗ್ರಹವೊಂದಿದೆ. ಅಲ್ಲಿಯವರು ಅಕ್ಕನನ್ನು ಹುಡುಕಿ ಬರೆದರು. ಕಾಗದಗಳು ಹೇಗಿವೆ ಎಂದು ಅಕ್ಕ ತಿಳಿಸಿದಾಗ, ಅಮ್ಮನ ಅಂಚಿನ ಬರಹವೇ ತಮಗೆ ಮುಖ್ಯ ಎಂದರು. ಅಂಚೆಗೆ ಹಾಕಲು ಅಕ್ಕನಿಗೆ ಭಯ. ಅವರ ಕಡೆಯ ಒಬ್ಬ ಹೆಂಗಸು ಕತಾರ್‌ನಲ್ಲಿ, ಐನ್ ಖಾಲಿದ್ ಎಂಬಲ್ಲಿ ತಮ್ಮ ಮಗಳ ಮನೆಯಲ್ಲಿದ್ದರು. ಅಲ್ಲಿನ ಫುಟ್‌ಬಾಲ್ ವಿಶ್ವಕಪ್ ಮುಗಿದ ಮೇಲೆ ಇಂಗ್ಲೆಂಡಿಗೆ ಹೊರಡುವವರು. ನಾನು ಅದೇ ಕತಾರ್‌ನ ಅಲ್ ಖೋರ್‌ನಲ್ಲಿ ಕಂಪನಿ ಬಸ್ಸಿನ ಡ್ರೈವರ್. ರಜೆಗೆ ಊರಿಗೆ ಹೋದಾಗ ಅಕ್ಕ ಕಾಗದಗಳನ್ನು ಹಳೆ ಸೀರೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು.

"ಪಿನ್ನು ಹೊಡಿಬೇಡ, ಗಮ್ಮು ಹಚ್ಬೇಡ, ಎಂತದೂ ಮಾಡ್ಬೇಡ. ಕೊಟ್ಟ ಹಾಗೇ ಕೊಡು, ಆಯ್ತಾ?"

"ಗೊತ್ತುಂಟು ಅಕ್ಕ."

"ಎಂತ ಗೊತ್ತುಂಟು? ಏಳನೇ ಕ್ಲಾಸಿನ ಪುಸ್ತಕ ಮಾರಿ ಕಡ್ಲೆ ತಿಂದವ ನೀನು."

ತಮಾಷೆಗೇ ಹೇಳಿದ್ದು. ಆದರೆ ಅವಳು ಟೀಚರ್. ಆ ಮಾತು ವಿಮಾನದಲ್ಲೂ ನನ್ನ ಜೊತೆ ಕೂತು ಬಂತು.

ಗಲ್ಫಿನಲ್ಲಿ ನಮ್ಮಂಥವರಿಗೆ ಬೆಲೆಯುಳ್ಳ ಕಾಗದ ಎಂದರೆ ಲ್ಯಾಮಿನೇಷನ್ ಮಾಡಿಸಿದ ಕಾಗದ. ಬೆವರು, ಧೂಳು, ರೂಮಿಂದ ರೂಮಿಗೆ ಅಲೆದಾಟ, ಇಷ್ಟರಲ್ಲೂ ನನ್ನ ಶಾಲೆಯ ಟಿ.ಸಿ. ಉಳಿದದ್ದು ಹಾಗೆಯೇ. ಆ ಬಿಳಿಯ ಹೆಂಗಸಿನ ಮುಂದೆ ಹಳೆ ಸೀರೆಯಲ್ಲಿ ಸುತ್ತಿದ ಕಾಗದ ಇಡಲು ನಾಚಿಕೆಯಾಯಿತು. ನನಗೂ ಏನೋ ತಿಳಿಯುತ್ತದೆ ಎಂದು ಅಕ್ಕನಿಗೆ ತೋರಿಸಬೇಕಿತ್ತು. ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯ ಒಂದು ಟೈಪಿಂಗ್ ಅಂಗಡಿಗೆ ಹೋದೆ.

ಅಂಗಡಿಯವನು ಕಾಗದಗಳನ್ನು ಪ್ಲಾಸ್ಟಿಕ್ ಹಾಳೆಯ ಮೇಲಿಟ್ಟು ನೋಡಿದ. "ಭಾಯ್, ಸೈಜ್ ಬಡಾ ಹೈ. ಸೈಡ್ ಕಟ್ ಕರೂಂ?"

ಪೆನ್ಸಿಲ್ ಬರಹ ನನಗೆ ಕಾಣಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಂಡಿತು. ಅಂಚಿನ ಬರಹ ಮುಖ್ಯ ಎಂದದ್ದು ಬರೀ ಮರ್ಯಾದೆಗೆ, ದೊಡ್ಡ ಜನಕ್ಕೆ ನಮ್ಮ ಅಮ್ಮನ ಗೀಚು ಯಾಕೆ ಬೇಕು, ಅವರ ನರ್ಸಮ್ಮನ ಬರಹ ಅವರಿಗೆ ಸಿಕ್ಕಿದರಾಯಿತು ಎಂದುಕೊಂಡೆ. ಪಂದ್ಯಕ್ಕೆ ಬಂದವರಿಂದ ರಸ್ತೆ ತುಂಬಿತ್ತು, ನನ್ನ ಡ್ಯೂಟಿಗೆ ಹೊತ್ತಾಗಿತ್ತು. "ಕರೋ, ಯಲ್ಲಾ," ಎಂದು ಅವಸರ ಮಾಡಿದೆ. ಕತ್ತರಿಸಿದ ಪಟ್ಟಿಗಳು ಮೇಜಿನ ಕೆಳಗಿನ ಬುಟ್ಟಿಗೆ ಬಿದ್ದವು. ಅವನ್ನಾದರೂ ಎತ್ತಿಕೊಳ್ಳಬಹುದಿತ್ತು.

ಐನ್ ಖಾಲಿದ್‌ನ ಮನೆಯಲ್ಲಿ ಆ ಹೆಂಗಸು ಒಂದೊಂದನ್ನೇ ತಿರುಗಿಸಿ ನೋಡಿದರು. ಪ್ಲಾಸ್ಟಿಕ್ಕಿನ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ಕೊನೆಗೆ, ಯಾರು ಮಾಡಿಸಿದ್ದು ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು.

"ಮೈ ಸಿಸ್ಟರ್," ಎಂದೆ.

ಕೆಲವು ವಾರಗಳ ನಂತರ ಅಕ್ಕನ ಫೋನ್ ಬಂತು. "ಅವ್ರು ಬರ್ದಿದ್ದಾರೆ. ಹಾಗೆ ಮಾಡಿಸಿದ್ದು ನಾನಂತಲ್ಲ?"

ನಾನು ಬಸ್ಸಿನ ಎಂಜಿನ್ ಆಫ್ ಮಾಡಿದೆ.

"ಹೋಗ್ಲಿ. ಕತ್ತರಿಸಿದ್ದು ಎಲ್ಲಿಟ್ಟಿದ್ದಿ?"

"ಅದು ಖಲಾಸ್ ಅಕ್ಕ."

"ನಾನೇ ಮಾಡಿಸಿದ್ದು, ಗೊತ್ತಾಗ್ಲಿಲ್ಲ, ತಪ್ಪಾಯ್ತು ಅಂತ ಬರ್ದು ಹಾಕಿದೆ. ಹೊರಗಿನವ್ರ ಹತ್ರ ನನ್ನ ತಮ್ಮ ಸುಳ್ಳ ಅಂತ ಹೇಗೆ ಹೇಳುದು?" ಎಂದಳು.

ಈಗ ಅವಳು ಊರಲ್ಲಿರುವ ನನ್ನ ಹೆಂಡತಿಯ ಹತ್ತಿರ ಮಾತಾಡುತ್ತಾಳೆ, ನನ್ನ ಹತ್ತಿರ ಇಲ್ಲ. ಆ ಸಂಗ್ರಹದವರು ಬಂದ ಯಾವ ಕಾಗದವನ್ನೂ ಎಸೆಯುವುದಿಲ್ಲವಂತೆ. ಅಕ್ಕನ ಕ್ಷಮಾಪಣೆಯೂ ಅಮ್ಮನ ಹೆಸರಿನ ಪೆಟ್ಟಿಗೆಯಲ್ಲಿದೆ ಎಂದು ಹೆಂಡತಿ ಹೇಳಿದಳು. ಅಮ್ಮ ಬರೆದ ಒಂದು ಅಕ್ಷರವೂ ಅದರಲ್ಲಿಲ್ಲ. ಮಗಳು ತಿಳಿಯದೆ ಹಾಳು ಮಾಡಿದಳು ಎಂಬ ಸುಳ್ಳು, ಅವಳದೇ ದುಂಡು ಅಕ್ಷರದಲ್ಲಿ, ನಾವಿಬ್ಬರೂ ಸತ್ತ ಮೇಲೂ ಇರುತ್ತದೆ. ನಾನು ನಿಜ ಬರೆದು ಕಳಿಸಿದರೆ ಅದನ್ನೂ ಜೊತೆಗೆ ಇಡುತ್ತಾರೆ. ವಿಳಾಸ ನನ್ನ ಹತ್ತಿರ ಇದೆ. ಇನ್ನೂ ಕಳಿಸಿಲ್ಲ.