ಹಗೇವಿಗೆ ಇಳಿಸಿದ ಕಂದೀಲು

ಗೋಕುಲ ರಸ್ತೆಯ ಸೈಬರ್ ಕೆಫೆಯಲ್ಲಿ ನಾನೂ ನನ್ನ ಕಾಲೇಜಿನ ಗೆಳೆಯನೂ ಒಂದೇ ಕುರ್ಚಿ ಹಂಚಿಕೊಂಡು ಆಡುತ್ತಿದ್ದ ಆಟದಲ್ಲಿ ಚಿತ್ರಗಳೇ ಇರಲಿಲ್ಲ. ಬರೀ ಇಂಗ್ಲಿಷ್ ಅಕ್ಷರ. ನೀನು ಇಂಥ ಕೋಣೆಯಲ್ಲಿದ್ದೀ, ಉತ್ತರಕ್ಕೆ ಬಾಗಿಲಿದೆ ಎಂದು ಪರದೆ ಹೇಳುತ್ತಿತ್ತು. 'ಉತ್ತರ' ಎಂದು ಟೈಪ್ ಮಾಡಿದರೆ ಮುಂದಿನ ಕೋಣೆ. ಯಾವ್ಯಾವುದೋ ದೇಶದವರು ಅಲ್ಲಿ ಓಡಾಡುತ್ತಿದ್ದರು. ಪಳಗಿದವರಿಗೆ ಆಟದೊಳಗೆ ಹೊಸ ಊರು ಕಟ್ಟುವ ಅಧಿಕಾರ ಸಿಗುತ್ತಿತ್ತು. ಮೊದಲು ಊರಿನ ನಕ್ಷೆ, ಒಂದೊಂದು ಕೋಣೆಯ ವರ್ಣನೆ ಎಲ್ಲ ಬರೆದು ಆಟದ ಯಜಮಾನನಿಗೆ ಕಳಿಸಬೇಕು. ನನಗದು ಬೇಕೇ ಬೇಕಿತ್ತು. ಕಾಲೇಜಿನಲ್ಲಿ ನನ್ನ ಮಾತಿಗೆ ಮೂರು ಕಾಸಿನ ಬೆಲೆಯಿರಲಿಲ್ಲ.

ನನ್ನ ಇಂಗ್ಲಿಷ್ ಚೆನ್ನಾಗಿತ್ತು. ಗೆಳೆಯನದು ಅಷ್ಟಕ್ಕಷ್ಟೇ, ಆದರೆ ಅಮ್ಮಿನಬಾವಿಯಲ್ಲಿ ಅವನಿಗೆ ಹಳೆಯ ದೊಡ್ಡ ಮನೆಯಿತ್ತು. ಆ ಮನೆಯನ್ನೇ ಆಟದ ಊರಾಗಿಸೋಣವೆಂದು ಗ್ರಾಫ್ ಹಾಳೆ ಹಿಡಿದು ಅಲ್ಲಿಗೆ ಹೋದೆವು. ಒಂದು ಚೌಕಕ್ಕೆ ಒಂದು ಕೋಣೆ. ಅವನು ಹೆಜ್ಜೆ ಎಣಿಸುತ್ತಿದ್ದ, ನಾನು ಗೆರೆ ಎಳೆಯುತ್ತಿದ್ದೆ. ಅವನ ಅವ್ವ ರೊಟ್ಟಿ ಬಡಿದು ಹಾಕಿದಳು, ತಿಂದೆ. ಅಂಗಳದಲ್ಲಿ ಜೋಳ ತುಂಬಿಡುವ ಹಗೇವು ಇತ್ತು, ನೆಲದೊಳಗಿನ ಆಳದ ಗುಂಡಿ. ಬಾಯಿಗೆ ಕಲ್ಲು ಮುಚ್ಚಿ ಗಾರೆ ಬಳಿದಿದ್ದರು. ಯಾಕೆಂದು ಕೇಳಿದೆ. ಅವ್ವ ಎದ್ದು ಒಳಗೆ ಹೋದಳು. ಗೆಳೆಯ ನನ್ನನ್ನು ಹಿತ್ತಲಿಗೆ ಕರೆದೊಯ್ದ.

"ಹಗೇವು ತಗದ ಮ್ಯಾಲೆ ಮದ್ಲ ಕಂದೀಲ ಇಳಸಬೇಕು. ಆರಿತಂದ್ರ ಕೆಟ್ಟ ಗಾಳಿ ಐತಿ, ಯಾರೂ ಇಳೀಬಾರದು. ಎರಡು ವರ್ಷದ ಹಿಂದ ಕಾಕಾ ನನಗ ಕೇಳಿದ್ರು, ಇಳಿಸಿ ನೋಡೀಯೇನು ಅಂತ. ನನಗ ಕ್ರಿಕೆಟ್ಟಿಗೆ ಹೊತ್ತಾಗಿತ್ತು. ನೋಡೇನ್ರಿ, ಉರೀತು ಅಂದೆ. ನೋಡಿದ್ದಿಲ್ಲೋ. ಕಾಕಾ ಮ್ಯಾಲೆ ಬರಲೇ ಇಲ್ಲ. ಮನ್ಯಾಗ ಯಾರಿಗೂ ಗೊತ್ತಿಲ್ಲ, ನಿನಗಷ್ಟ ಹೇಳೇನಿ."

ಅವನು ಬಿಕ್ಕಿ ಬಿಕ್ಕಿ ಅತ್ತ. ನಾನು ಹೆಗಲ ಮೇಲೆ ಕೈಯಿಟ್ಟೆ. ಇನ್ನೊಂದು ಕೈಯಿಂದ ಹಾಳೆಯಲ್ಲಿ ಹಗೇವಿನ ಚೌಕ ಬರೆದೆ.

ಆಟದಲ್ಲಿ ಅದು, ತಳದಲ್ಲಿ ದೀಪ ಉರಿಯದಿದ್ದರೆ ಇಳಿದವನು ಸಾಯುವ ಕೋಣೆ. ತಳದಲ್ಲಿ ಒಂದು ಹೆಣ. ಅಣ್ಣನ ಮಗನ ಸುಳ್ಳು ನಂಬಿ ಇಳಿದವನು ಎಂದು ಎರಡೇ ಸಾಲು ಬರೆದೆ. ಯಜಮಾನನ ಉತ್ತರ ಬಂತು: ಉಳಿದ ಕೋಣೆಗಳು ಸಪ್ಪೆ, ಆ ಒಂದು ಕೋಣೆಗಾಗಿ ನಿನಗೆ ಅಧಿಕಾರ ಕೊಡುತ್ತೇನೆ. ಊರು ಕಟ್ಟಿದವನೆಂದು ಕೆಳಗೆ ನನ್ನೊಬ್ಬನ ಹೆಸರಿತ್ತು.

ಗೆಳೆಯ ಪರದೆಯಲ್ಲಿ ಹಗೇವಿನ ಸಾಲುಗಳ ಕೆಳಗೆ ಬೆರಳಿಟ್ಟು ನಿಧಾನಕ್ಕೆ ಓದಿದ.

"ಅದೊಂದು ಕೋಣಿ ತಗಿಯೋ. ಉಳಿದದ್ದೆಲ್ಲಾ ನಿಂದ ಇರಲಿ. ಕೈ ಮುಗೀತೇನಿ."

"ಅಮೆರಿಕಾದವ್ರಿಗೆ ನಿಮ್ಮ ಕಾಕಾ ಯಾರಂತ ಗೊತ್ತೈತೇನಲೇ? ಆಟ ಅದು."

"ನನಗ ಗೊತ್ತೈತಲ್ಲ."

ನಾನು ತೆಗೆಯಲಿಲ್ಲ. ಅವನು ಕೆಫೆಗೆ ಬರುವುದು ಬಿಟ್ಟ.

ಊರು ತೆರೆಯಿತು. ಪರದೇಶದವರು ಹಗೇವಿಗೆ ಬಿದ್ದು ಪಟಪಟ ಸತ್ತರು. ನಾನು ಆಟದೊಳಗೆ ಯಾರಿಗೂ ಕಾಣದಂತೆ ನಿಂತು ನೋಡಿ ನಗುತ್ತಿದ್ದೆ. ಆಮೇಲೆ ಒಂದು ವಾರ ಯಾರೂ ಸಾಯಲಿಲ್ಲ. ಹೋಗಿ ನೋಡಿದರೆ ತಳದಲ್ಲಿ ಉರಿಯುವ ಕಂದೀಲು. ದಿನಾ ಮಧ್ಯಾಹ್ನ ಒಬ್ಬ ಹೊಸ ಆಟಗಾರ ಬಂದು ಇಟ್ಟು ಹೋಗುತ್ತಿದ್ದ. ಆ ಹೊತ್ತಿಗೆ ಅಮೆರಿಕಾ ಮಲಗಿರುತ್ತದೆ. ಯಾರೆಂದು ಕೇಳಬೇಕಾಗಿರಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ನನ್ನ ಊರಿನಲ್ಲಿ ಇವನದೇನು ಕಾರುಬಾರು? ಆ ಕೋಣೆಯಲ್ಲಿಟ್ಟ ದೀಪ ಆರಬೇಕು ಎಂದು ಹೊಸ ನಿಯಮ ಬರೆದೆ. ಐದು ನಿಮಿಷವೂ ಹಿಡಿಯಲಿಲ್ಲ.

ಮರುದಿನ ಅವನು ಬೇರೆಲ್ಲಿಂದಲೋ ಆಟದೊಳಗೆ ಬಂದ. ಕಂದೀಲು ಇಟ್ಟ, ಆರಿತು. ಹೊತ್ತಿಸಿ ಮತ್ತೆ ಇಟ್ಟ, ಮತ್ತೆ ಆರಿತು. ಉಸಿರು ಕಟ್ಟುತ್ತಿದೆ ಎಂದು ಪರದೆ ನನ್ನದೇ ಇಂಗ್ಲಿಷಿನಲ್ಲಿ ಎಚ್ಚರಿಸಿತು. 'ಮೇಲೆ' ಎಂದು ಟೈಪ್ ಮಾಡಿದ್ದರೆ ಬದುಕುತ್ತಿದ್ದ. ಅದರ ಬದಲು ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಕನ್ನಡ ಸಾಲು ಮೂಡಿತು.

"ಇವತ್ತ ಖರೇನ ಇಳಸೇನ್ರಿ ಕಾಕಾ, ಆರೇತಿ, ಇಳೀಬ್ಯಾಡ್ರಿ."

ಆಮೇಲೆ ಸತ್ತ. ನಾನು ಬರೆದಿಟ್ಟ ಹೆಣದ ಪಕ್ಕ ಅವನದೂ ತಳದಲ್ಲಿ ಬಿದ್ದಿತ್ತು. ನಾನು ನಿಯಮ ಅಳಿಸಲಿಲ್ಲ.