ಬೆಟ್ಟದೂರಿನ ಮುಯ್ಯಾಳು

ಮೊದಲ ದಿನ ನೇಗಿಲು ಹಿಡಿದು ನಾಲ್ಕು ಮಾರು ಹೋಗುವಷ್ಟರಲ್ಲಿ ಹೊಲವೇ ಮುಗಿದುಹೋಯಿತು. ಎತ್ತುಗಳು ತಾವಾಗಿಯೇ ನಿಂತವು. ನಾನು ಅಭ್ಯಾಸಬಲದಿಂದ ಇನ್ನೊಂದು ಹೆಜ್ಜೆ ಇಡಲು ಹೋಗಿ ಬಗ್ಗಿ ನೋಡಿದರೆ, ಕಾಲ ಕೆಳಗೆ ಯಾರದೋ ಮನೆಯ ಕಲ್ಲುಚಪ್ಪಡಿ ಮಾಡು. ಅದರ ಮೇಲೆ ಕಂಬಳಿ ಹರವುತ್ತಿದ್ದ ಹೆಂಗಸು ತಲೆಯೆತ್ತಿ ನನ್ನನ್ನೂ ಎತ್ತುಗಳನ್ನೂ ನೋಡಿ ನಕ್ಕಳು. ನಾನೂ ನಕ್ಕೆ. ನಗದೆ ಇನ್ನೇನು ಮಾಡುವುದು, ಎತ್ತುಗಳನ್ನು ಹಿಂದಕ್ಕೆ ತಿರುಗಿಸಿದೆ.

ಕುದೂರು ಕಡೆಯವನು ನಾನು. ನಮ್ಮಲ್ಲಿ ಒಂದು ಸಾಲು ಹಿಡಿದರೆ ಆ ಬದುವಿನ ಹುಣಸೆಮರ ಮುಟ್ಟಿ ತಿರುಗಬೇಕು. ಬೆಟ್ಟ ನಮಗೇನು ಹೊಸದಲ್ಲ. ರಾಮನಗರದಿಂದ ಮಾಗಡಿವರೆಗೆ ಎತ್ತ ತಿರುಗಿದರೂ ಬಂಡೆಯೇ. ಆದರೆ ನಮ್ಮ ಬೆಟ್ಟ ದೇವರಿಗೆ, ಕರಡಿಗೆ, ಚಿರತೆಗೆ ಬಿಟ್ಟದ್ದು. ಹೊಲ ಮನೆ ಎಲ್ಲ ಬುಡದಲ್ಲಿ. ಇಲ್ಲಿ ಬೆಟ್ಟವನ್ನೇ ಮೆಟ್ಟಿಲು ಕಡಿದು ಉಣ್ಣುತ್ತಾರೆ. ಒಂದೊಂದು ಮೆಟ್ಟಿಲೂ ಒಂದು ಹೊಲ. ಕೆಲವು ನಮ್ಮೂರ ಜಗಲಿಗಿಂತ ಅಗಲವಿಲ್ಲ.

ಈ ಊರಿರುವುದು ಕುಮಾವು ಎಂಬ ಸೀಮೆಯಲ್ಲಿ, ಹಿಮಾಲಯದ ಮಡಿಲಲ್ಲಿ. ಬಸ್ಸು ಇಳಿದ ಮೇಲೆ ಏದುಸಿರು ಬಿಡುತ್ತಾ ಹತ್ತಬೇಕು. ನಾನಿಲ್ಲಿಗೆ ಬಂದದ್ದು ಹೆಂಡತಿಯ ಹಿಂದೆ. ಹೇಮಾ ಈ ಊರಿನ ಹೆಣ್ಣು. ಹಾರೋಹಳ್ಳಿಯ ಬಟ್ಟೆ ಕಾರ್ಖಾನೆಗೆ ಹೊಲಿಗೆ ಕೆಲಸಕ್ಕೆಂದು ಒಂದು ಗುಂಪಿನ ಜೊತೆ ಬಂದವಳು. ನಾನು ಪಕ್ಕದ ಕಾರ್ಖಾನೆಯಲ್ಲಿ ಲೋಡಿಂಗ್ ಮಾಡುತ್ತಿದ್ದೆ. ಏಳನೇ ತರಗತಿಗೆ ಶಾಲೆ ಬಿಟ್ಟವನಿಗೆ ಅದಕ್ಕಿಂತ ಹೆಚ್ಚಿನದು ಸಿಗಲಿಲ್ಲ, ಸಿಕ್ಕಿದ್ದನ್ನು ಯಾರೂ ಬೆರಳು ತೋರದಂತೆ ಮಾಡಿದೆ. ಒಂದೇ ಬಸ್ಸು, ಒಂದೇ ಟೀ ಅಂಗಡಿ. ಮದುವೆಯಾಯಿತು.

ಹೇಮಾಳ ಅಪ್ಪ ತೀರಿಕೊಂಡು ಕೆಲವು ವರ್ಷವಾಗಿತ್ತು. ಇಲ್ಲಿಯ ಕಟ್ಟಳೆಯಲ್ಲಿ ಹೆಂಗಸು ನೇಗಿಲು ಮುಟ್ಟುವಂತಿಲ್ಲ. ಮಿಕ್ಕಿದ ಕೆಲಸವನ್ನೆಲ್ಲ ಹೆಂಗಸೇ ಮಾಡುತ್ತಾಳೆ. ಕಳೆ, ಗೊಬ್ಬರ, ಹುಲ್ಲು, ಸೌದೆ, ಕೊಯಿಲು, ಎಲ್ಲ. ಉಳುವುದೊಂದು ಮಾತ್ರ ಗಂಡಸಿನದು. ಗಂಡು ದಿಕ್ಕಿಲ್ಲದ ಅತ್ತೆ, ಊರಿನವರೆಲ್ಲ ತಮ್ಮ ಹೊಲ ಉತ್ತು ಮುಗಿಸಿದ ಮೇಲೆ ಯಾರಾದರೂ ಬಂದಾರೆ ಎಂದು ಕಾಯಬೇಕಿತ್ತು. ಬೀಜ ಪ್ರತಿ ವರ್ಷ ತಡವಾಗಿ ಬೀಳುತ್ತಿತ್ತು. ಹಾರೋಹಳ್ಳಿಯಲ್ಲಿ ಹೇಮಾಳ ಕೆಲಸ ನಿಂತಾಗ, ಹೋಗಿ ನಾವೇ ಮಾಡೋಣ ಎಂದಳು.

ನಮ್ಮ ಸೀಮೆಯಲ್ಲಿ ಮನೆ ಅಳಿಯ ಎಂದರೆ ಏನೆಂದು ಓದುವ ನಿಮಗೆ ಹೇಳಬೇಕಿಲ್ಲ. ನಮ್ಮಣ್ಣ ಬಸ್‌ಸ್ಟ್ಯಾಂಡಿನಲ್ಲಿ ಬ್ಯಾಗು ಎತ್ತಿಕೊಡುತ್ತಾ, "ಮನೆ ಅಳಿಯ ಆಗಾಕೆ ಅಷ್ಟು ದೂರ ಹೋಗ್ಬೇಕೇನ್ಲಾ? ಮಾಗಡೀಲೇ ಯಾರ್ನಾದ್ರೂ ಹುಡುಕ್ಬೌದಿತ್ತಲ್ಲ" ಎಂದ. ತಮಾಷೆಗೇ ಹೇಳಿದ್ದು. ಆದರೆ ಮಾತು ಒಳಗೆ ಇಳಿದು ಕೂತಿತು. ಅತ್ತೆಯ ಮನೆಯ ಒಂದು ತುತ್ತನ್ನೂ ದುಡಿಯದೆ ತಿನ್ನುವುದಿಲ್ಲ ಎಂದು ರೈಲಿನಲ್ಲೇ ನಿಶ್ಚಯಿಸಿಕೊಂಡೆ.

ಮನೆ ಕಲ್ಲಿನದು. ಕೆಳಗೆ ದನ, ಮೇಲೆ ನಾವು. ಬಾಗಿಲು ನನ್ನ ಎದೆಯಷ್ಟು ಎತ್ತರ. ಮೊದಲ ತಿಂಗಳು ಹಣೆಯ ಮೇಲೆ ಗಾಯ ಆರಲೇ ಇಲ್ಲ. ಚಳಿಗೆ ನೀರು ಮುಟ್ಟಿದರೆ ಬೆಂಕಿ ಮುಟ್ಟಿದಂತೆ. ಇಲ್ಲಿಯೂ ರಾಗಿ ಬೆಳೆಯುತ್ತಾರೆ, ಮಡುವಾ ಎನ್ನುತ್ತಾರೆ. ರೊಟ್ಟಿ ತಟ್ಟುತ್ತಾರೆ. ನಾನು ಮುದ್ದೆ ತೊಳಸಿ ಅತ್ತೆಯ ಮುಂದಿಟ್ಟಾಗ ಅವರು ಬೆರಳಿನಿಂದ ಒತ್ತಿ ನೋಡಿ, ಇದನ್ನು ಅಗಿಯುವುದಿಲ್ಲವಂತಲ್ಲ, ಹಲ್ಲಿಲ್ಲದವರ ದೇಶವೇ ನಿಮ್ಮದು ಎಂದು ಕೇಳಿದರು. ಹುರುಳಿಯೂ ಇದೆ, ಗಹತ್ ಎಂಬ ಹೆಸರಿನಲ್ಲಿ. ಅದರಲ್ಲಿ ಬಸ್ಸಾರು ಕಾಯಿಸಿ ನಮ್ಮೂರಿನ ವಾಸನೆ ಎದ್ದ ದಿನ ನಾನು ಹಿತ್ತಲಿಗೆ ಹೋಗಿ ಒಂದಿಷ್ಟು ಹೊತ್ತು ನಿಂತುಬಂದೆ.

ಸಿಗದೇ ಇದ್ದದ್ದು ಮಾತು. ಊರಿನವರದು ಪಹಾಡಿ, ನನ್ನದು ಹಾರೋಹಳ್ಳಿಯ ಲಾರಿ ಡ್ರೈವರುಗಳಿಂದ ಕಲಿತ ಅರೆಬರೆ ಹಿಂದಿ. ಇಡೀ ಬೆಟ್ಟದಲ್ಲಿ ಕನ್ನಡ ಬರುವುದು ಹೇಮಾಳೊಬ್ಬಳಿಗೆ. ಅವಳದು ಕನಕಪುರದ ಹೆಂಗಸರ ಪಕ್ಕ ಹೊಲಿಗೆ ಮಿಷಿನ್ ಮುಂದೆ ಕೂತು ಕಲಿತ ಕನ್ನಡ. ದೇವದಾರು ಮರಗಳ ನಡುವಿನಿಂದ "ರೀ, ಒಸಿ ತಡೀರಿ, ಬತ್ತೀನಿ" ಎಂಬ ಕೂಗು ಬಂದರೆ, ಕಣ್ಣು ಮುಚ್ಚಿಕೊಂಡವನಿಗೆ ಅದು ಕನಕಪುರದ ಕಡೆಯ ಕೋಡಿಹಳ್ಳಿಯೇ.

ಆ ವರ್ಷ ಊರಿನಲ್ಲಿ ಮೊದಲು ಉತ್ತ ಹೊಲ ನಮ್ಮದು. ಅತ್ತೆ ನೀರಿಗೆ ಹೋಗುವಾಗ ಬಳಸುದಾರಿಯಲ್ಲಿ ಹೋಗಿ ಹೊಲದ ಮುಂದೆಯೇ ಹಾದುಬಂದರು. ನನ್ನ ಎದೆ ಒಂದು ಗೇಣು ಉಬ್ಬಿತು. ಆ ಉಬ್ಬಿನಲ್ಲೇ ಎಡವಟ್ಟಾಯಿತು.

ಬಿತ್ತನೆಗೆ ಮೊದಲು ಕೊಟ್ಟಿಗೆಯ ಗೊಬ್ಬರವನ್ನು ಹೊಲಹೊಲಕ್ಕೂ ಹೊರಬೇಕು. ಗಾಡಿಯಿಲ್ಲ, ಟ್ರ್ಯಾಕ್ಟರಿನ ಮಾತೇ ಇಲ್ಲ. ಮಂಕರಿ ತುಂಬಿ ಹೊತ್ತು ಮೆಟ್ಟಿಲು ಇಳಿಯುವುದು. ಅತ್ತೆ ಮತ್ತು ಹೇಮಾ ದಿನವೂ ಬೆಳಿಗ್ಗೆ ಬೇರೆಯವರ ಗೊಬ್ಬರ ಹೊರಲು ಹೋಗುತ್ತಿದ್ದರು. ನಮ್ಮ ಗೊಬ್ಬರದ ಗುಂಡಿ ತುಂಬಿಕೊಂಡು ಹಾಗೇ ಇತ್ತು. ನನಗೆ ಹೊಟ್ಟೆ ಉರಿಯುತ್ತಿತ್ತು; ನಮ್ಮದು ಬಿಟ್ಟು ಊರವರದು ಹೊರುವುದೇ? ಅಷ್ಟರಲ್ಲಿ ಕೆಳಗಿನ ಊರಿನಲ್ಲಿ ನೆಂಟರ ಮದುವೆ ಬಂತು, ಇಬ್ಬರೂ ಹೊರಟರು. ನಾನು ಉಳಿದೆ. ಅವರು ಬರುವುದರೊಳಗೆ ಗುಂಡಿ ಬರಿದು ಮಾಡಿದೆ. ತಲೆಯ ಮೇಲೆ ಸಿಂಬೆ ಇಟ್ಟು, ನಮ್ಮೂರಿನಲ್ಲಿ ಹೊತ್ತಂತೆಯೇ ಹೊತ್ತೆ. ಕುತ್ತಿಗೆ ಮರಗಟ್ಟಿತ್ತು. ಪ್ರತಿ ಮೆಟ್ಟಿಲಿನಲ್ಲೂ ಗೊಬ್ಬರದ ಗುಪ್ಪೆ ಒಂದೇ ಅಳತೆಯಲ್ಲಿ ಕೂತಿತ್ತು. ಅತ್ತೆ ಬಂದು ನೋಡಲಿ ಎಂದು ಅಂಗಳದಲ್ಲೇ ಕೂತಿದ್ದೆ.

ಅತ್ತೆ ಬಂದರು, ನೋಡಿದರು, ಗುಂಡಿಯ ಅಂಚಿನಲ್ಲೇ ಕುಸಿದು ಕೂತರು.

"ಏನ್ ಮಾಡ್ಬುಟ್ರಿ ನೀವು?" ಎಂದಳು ಹೇಮಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. "ನಾಳಿದ್ದು ಎಲ್ರೂ ನಮ್ಮನೇಗೆ ಬರೋರಿದ್ರು ಕಣ್ರೀ. ಅಮ್ಮ ಎಲ್ರ ಮನೇದೂ ಹೊತ್ತು ಮುಗಿಸವ್ಳೆ. ಈಗ ಅವ್ರು ಬಂದು ಏನ್ ಹೊತ್ತಾರು?"

ಇಲ್ಲಿ ಅದಕ್ಕೆ ಪಲ್ಟಾ ಎನ್ನುತ್ತಾರೆ. ನಾನು ನಿನ್ನ ಹೊಲಕ್ಕೆ, ನೀನು ನನ್ನ ಹೊಲಕ್ಕೆ. ಕೂಲಿಯಿಲ್ಲ. ಅವರವರ ಸರದಿಗೆ ಅವರವರ ಮನೆ. ಹೇಮಾ ಬಿಡಿಸಿ ಹೇಳುತ್ತಿದ್ದಂತೆ ನನಗೆ ನಾಚಿಕೆಯಾಯಿತು, ಯಾಕೆಂದರೆ ಇದು ನನಗೆ ಗೊತ್ತಿದ್ದದ್ದೇ. ನಮ್ಮಲ್ಲಿ ಇದಕ್ಕೆ ಮುಯ್ಯಾಳು ಎನ್ನುತ್ತಿದ್ದೆವು. ನಮ್ಮವ್ವ ಮುಯ್ಯಾಳಿಗೆ ಹೋಗುತ್ತಿದ್ದಳು. ರಾಗಿ ಪೈರು ನಾಟಿ ಮಾಡುವ ಕಾಲಕ್ಕೆ ಬೀದಿಯ ಹೆಂಗಸರೆಲ್ಲ ಒಂದು ದಿನ ನಮ್ಮ ಹೊಲದಲ್ಲಿ ಇರುತ್ತಿದ್ದರು. ಅವ್ವ ಆ ದಿನ ದೊಡ್ಡ ಮಡಕೆಯಲ್ಲಿ ಸಾರು ಕಾಯಿಸುತ್ತಿದ್ದಳು. ಮಾತು, ಬೈಗುಳ, ಪದ, ನಗು. ಆಮೇಲೆ ಕೂಲಿ ಬಂತು, ಕೂಲಿಯವರು ಕಾರ್ಖಾನೆಗೆ ಹೋದರು, ಮಿಷಿನ್ ಬಂತು. ಮುಯ್ಯಾಳು ಎಂಬ ಮಾತೇ ಬಾಯಿಂದ ಯಾವಾಗ ಬಿದ್ದುಹೋಯಿತೋ ತಿಳಿಯಲಿಲ್ಲ.

ಊರಿನ ಹೆಂಗಸರು ನನ್ನ ಕೆಲಸವನ್ನು ಬೇರೆಯ ರೀತಿಯಲ್ಲೇ ಓದಿಕೊಂಡರು. ಬಯಲುಸೀಮೆಯ ಅಳಿಯನಿಗೆ ನಮ್ಮ ಕೈ ಬೇಡವಂತೆ. ನಾಳೆ ಅವನೂ ನಮ್ಮ ಹೊಲಕ್ಕೆ ಕೈ ಕೊಡುವುದಿಲ್ಲ. ಜಗಳವಾಡಲಿಲ್ಲ, ಎದುರು ಸಿಕ್ಕರೆ ಯೋಗಕ್ಷೇಮ ಕೇಳಿದರು. ಕರೆಯುವುದನ್ನು ಮಾತ್ರ ನಿಲ್ಲಿಸಿದರು. ಬಿತ್ತನೆಯ ದಿನಗಳಲ್ಲಿ ಮುಂಜಾನೆ ಕೆಳಗಿನ ದಾರಿಯಲ್ಲಿ ನಗುತ್ತಾ ಸಾಲಾಗಿ ಹೋದರು, ನಮ್ಮ ಅಂಗಳದ ಹತ್ತಿರ ಬಂದಾಗ ದನಿ ತಗ್ಗಿಸಿದರು. ಅತ್ತೆ ಒಳಗೆ ಕೂತು, ಹಸನಾದ ಬೇಳೆಯನ್ನೇ ಮತ್ತೆ ಹಸನು ಮಾಡುತ್ತಿದ್ದರು. ಮದುವೆಯಾಗಿ ಈ ಊರಿಗೆ ಬಂದಂದಿನಿಂದ ಅವರು ಆ ಸಾಲಿನಲ್ಲಿ ಹೋದವರು. ಗಂಡ ಸತ್ತ ವರ್ಷವೂ ಹೋದವರು. ನಾನು ಬಂದ ವರ್ಷ ಮನೆಯಲ್ಲಿ ಕೂತರು.

ಮನೆಮನೆಗೆ ಹೋಗಿ ತಪ್ಪಾಯಿತೆಂದು ನನ್ನ ಹಿಂದಿಯಲ್ಲಿ ಹೇಳಿಬಂದೆ. ಎಲ್ಲ ಕಡೆ ಚಹಾ ಕೊಟ್ಟರು. ಬೆಲ್ಲದ ಚೂರನ್ನೂ ಕೊಟ್ಟರು. ಮತ್ತೇನೂ ಆಗಲಿಲ್ಲ. ಕರೆಯದೆಯೇ ಒಬ್ಬರ ಹೊಲಕ್ಕೆ ಹೋಗಿ ನಿಂತೆ. ಮನೆಯ ಅಳಿಯ, ನೀನ್ಯಾಕೆ ಕಷ್ಟಪಡುತ್ತೀಯ ಎಂದು ಕೈಯಿಂದ ಗುದ್ದಲಿ ತೆಗೆದುಕೊಂಡರು.

ಮಳೆ ಹಿಡಿಯಿತು. ಮಡುವಾ ಮೊಳಕಾಲಿನ ಅರ್ಧದವರೆಗೆ ಬಂತು, ಕಳೆ ಅದಕ್ಕಿಂತ ಮುಂದೆ ಬಂತು. ನಾನು ಕುಟಲಾ ಎಂಬ ಸಣ್ಣ ಗುದ್ದಲಿ ಹಿಡಿದು ಹೊರಟಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತು ಏನೋ ಹೇಳಿದರು.

"ಮುಟ್ಬ್ಯಾಡ್ರಿ ಅಂತಾವ್ಳೆ ಅಮ್ಮ," ಎಂದಳು ಹೇಮಾ. "ನೀವೇ ಕಿತ್ತಾಕ್ಬುಟ್ರೆ ಅವ್ರು ಬರಾಕೆ ಏನೈತೆ, ಕತೆ ಮುಗೀತು. ಕಳೆ ಬೆಳೀಲಿ ಬುಡಿ."

"ಊರೋರು ಏನಂತಾರೆ? ಸೋಮಾರಿ ಅಳಿಯ ಅನ್ನಲ್ವ?"

"ಅನ್ಲಿ. ಅನ್ನಾಕಾದ್ರೂ ಹೊಲದ ತಾವ ನಿಲ್ತಾರಲ್ಲ."

ಆ ದಿನಗಳು ನನ್ನ ಜೀವನದ ಅತಿ ಕಷ್ಟದ ದಿನಗಳು. ಮೂಟೆ ಹೊತ್ತಿದ್ದೇನೆ, ಹಿಪ್ಪುನೇರಳೆ ಸೊಪ್ಪು ಕೊಯ್ದಿದ್ದೇನೆ, ರೇಷ್ಮೆಹುಳ ಕೊನೆಯ ಸಲ ಪೊರೆ ಬಿಟ್ಟೆದ್ದು ಮೇಯುವಾಗ ಕಣ್ಣು ಮುಚ್ಚದೆ ಸೊಪ್ಪು ಹಾಕಿದ್ದೇನೆ. ಅದೆಲ್ಲ ಸುಲಭ. ನನ್ನ ಕಣ್ಣೆದುರೇ ರಾಗಿಯ ನಡುವೆ ಕಳೆ ಏಳುತ್ತಿರುವಾಗ, ಕೈ ಕಟ್ಟಿಕೊಂಡು ಕಲ್ಲುಗೋಡೆಯ ಮೇಲೆ ಕೂರುವುದು ನನಗೆ ಬಾರದ ಕೆಲಸ. ಅಕ್ಕಪಕ್ಕದ ಹೊಲಗಳು ಹಸನಾದವು. ನಮ್ಮದು ಮಾತ್ರ ಕಳೆಯ ಗುಬುರು. ದಾರಿಯಲ್ಲಿ ಹೋಗುವ ಗಂಡಸರು ನನ್ನ ಕಡೆ ನೋಡಿ ಬೀಡಿ ಎಳೆದು ನಗುತ್ತಿದ್ದರು. ಅಣ್ಣ ಬಸ್‌ಸ್ಟ್ಯಾಂಡಿನಲ್ಲಿ ಆಡಿದ ಮಾತು ಪಹಾಡಿಯಲ್ಲಿ ಕೇಳಿದಂತಾಗುತ್ತಿತ್ತು.

ಒಂದು ಸಂಜೆ ಹೊಲದ ಮುಂದೆ ಪಾರ್ವತಿ ಕಾಕಿ ನಿಂತಳು; ಕಾಕಿ ಎಂದರೆ ಇಲ್ಲಿ ಚಿಕ್ಕಮ್ಮ. ಮೊದಲ ದಿನ ಮಾಡಿನ ಮೇಲೆ ಕಂಬಳಿ ಹರವುತ್ತಿದ್ದ ಹೆಂಗಸು ಇವಳೇ. ಅತ್ತೆಯ ಓರಗೆಯವಳು, ಪಲ್ಟಾಕ್ಕೆ ಯಾರ ಸರದಿ ಯಾವಾಗ ಎಂದು ಹೇಳುವವಳು. ಬೆನ್ನ ಮೇಲೆ ಹುಲ್ಲಿನ ಹೊರೆ. ಹೊಲವನ್ನು ನೋಡಿದಳು, ನನ್ನನ್ನು ನೋಡಿದಳು. ಹುಷಾರಿಲ್ಲವಾ ಎಂದು ಕೇಳಿದಳು.

ಹುಷಾರಿಲ್ಲ ಎಂದುಬಿಟ್ಟರೆ ಮಾನ ಉಳಿಯುತ್ತಿತ್ತು. ನಾಲಗೆಯ ತುದಿಗೂ ಬಂದಿತ್ತು.

"ಕಾಕೀ, ನನ್ನ ಕೈಲಿ ಆಗೋದಿಲ್ಲ," ಎಂದೆ. "ನೀವೆಲ್ಲ ಬರಬೇಕು."

ಹುಟ್ಟಿದಂದಿನಿಂದ ಆ ಮಾತನ್ನು ನಾನು ಯಾರಿಗೂ ಆಡಿರಲಿಲ್ಲ. ಅಪ್ಪನಿಗೂ ಆಡಿರಲಿಲ್ಲ. ಕಾಕಿ ಹೊರೆಯನ್ನು ಒಂದು ಸಲ ಎಗರಿಸಿ ಸರಿಮಾಡಿಕೊಂಡು, ಇಷ್ಟು ದೊಡ್ಡ ಗಂಡಸಿಗೆ ಇಷ್ಟು ಸಣ್ಣ ಹೊಲ ಆಗುವುದಿಲ್ಲವೇ ಎಂದು ಹೇಳಿ ಹೊರಟುಹೋದಳು.

ಮರುದಿನ ಬೆಳಿಗ್ಗೆ ಅಂಗಳದ ಹತ್ತಿರ ಹೆಂಗಸರ ದನಿ ತಗ್ಗಲಿಲ್ಲ. ಸಾಲು ಒಳಗೇ ಬಂತು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ನಡೆದರು. ನನಗೆ ಎಲ್ಲರಿಗಿಂತ ಕೊನೆಯ ಸಾಲು ಕೊಟ್ಟರು. ಹೆಂಗಸರ ಬೆರಳು ಓಡುವಂತೆ ನನ್ನದು ಓಡಲಿಲ್ಲ, ಹಿಂದೆ ಬಿದ್ದೆ. ಯಾರೋ ಏನೋ ಹೇಳಿದರು, ಎಲ್ಲರೂ ಬಿದ್ದುಬಿದ್ದು ನಕ್ಕರು. ಏನೆಂದು ಕೇಳಿದರೆ ಹೇಮಾ, "ಹೇಳ್ಬಾರದು ಬುಡಿ" ಎಂದಳು. ನಾನು ತಲೆ ಬಗ್ಗಿಸಿ ಕಳೆ ಕಿತ್ತೆ. ಆ ನಗು ನನಗೆ ಹಳೆಯದು. ಅವ್ವನ ಹೊಲದಲ್ಲಿ ಅದೇ ನಗು ಕೇಳಿ ಬೆಳೆದವನು ನಾನು. ಮಧ್ಯಾಹ್ನ ಎಲ್ಲರಿಗೂ ನಾನೇ ಮುದ್ದೆ ತೊಳಸಿದೆ. ಅರ್ಧ ಜನ ಅಗಿದೇ ತಿಂದರು.

ಅಲ್ಲಿಂದ ನನಗೂ ಸರದಿ ಬಂತು. ಗಂಡಸು ಕಳೆಗೆ ಬರುವುದೆಂದರೆ ಊರಿಗೆ ಒಂದಿಷ್ಟು ದಿನ ತಮಾಷೆ, ಆಮೇಲೆ ಅಭ್ಯಾಸ. ಭಾದ್ರಪದ ಕಳೆಯುತ್ತಾ ಅವರು ಅಸೋಜ್ ಎನ್ನುವ ತಿಂಗಳು ಬಂತು. ಹುಲ್ಲು ಕೊಯ್ಯುವ, ಮಡುವಾ ಕೊಯ್ಯುವ ಕಾಲ. ಆಗ ಇಲ್ಲಿ ಸಾಯಲಿಕ್ಕೂ ಪುರುಸೊತ್ತಿಲ್ಲ ಎನ್ನುತ್ತಾರೆ. ಆಗಲೇ ಅಣ್ಣ ಫೋನು ಮಾಡಿದ್ದು.

"ಪಿತೃಪಕ್ಸ ಬಂತು. ಟಿಕೇಟ್ ಮಾಡ್ಸಿದ್ಯೇನ್ಲಾ?"

ಬರಲಾಗುವುದಿಲ್ಲ ಎಂದೆ. ಅಮಾವಾಸ್ಯೆಯ ಆಸುಪಾಸಿನಲ್ಲೇ ಪಾರ್ವತಿ ಕಾಕಿಯ ಹುಲ್ಲಿನ ಸರದಿ. ಕಾಕಿಯ ಹುಲ್ಲುಗಾವಲು ಮೇಲಿನ ಕಡಿದಾದ ಜಾಗದಲ್ಲಿದೆ, ಹೊರೆ ಇಳಿಸಲು ಗಂಡಾಳು ಬೇಕು.

"ಅಪ್ಪನ ಎಡೆಗಿಂತ ಯಾರ್ದೋ ಹುಲ್ಲು ಹೆಚ್ಚಾಯ್ತೇನ್ಲಾ ನಿಂಗೆ?"

"ಮುಯ್ಯಾಳು ಕಣಣ್ಣ. ಹೋಗ್ಲೇಬೇಕು."

ಅಣ್ಣನ ಹಿಂದೆ ಯಾವುದೋ ಬಸ್ಸಿನ ಹಾರನ್ ಕೇಳಿತು, ಕುದೂರಿನದೇ ಇರಬೇಕು. "ಮುಯ್ಯಾಳಾ," ಎಂದ. "ಆ ಮಾತ್ ಕೇಳೇ ಎಷ್ಟ್ ಕಾಲ ಆಯ್ತಲ್ಲೋ." ಆಮೇಲೆ, ಈ ಸಲ ನಮ್ಮ ರಾಗಿ ಕೊಯಿಲಿಗೆ ಮಿಷಿನ್ ಹೇಳಿಟ್ಟಿದ್ದೇನೆ, ಅರ್ಧ ದಿನದ ಕೆಲಸ, ಹೊಲದಲ್ಲಿ ನಾನೊಬ್ಬನೇ ನಿಂತಿರಬೇಕು ಎಂದ. ಬೇಸರದಿಂದ ಹೇಳಿದನೋ ಸುಮ್ಮನೆ ಹೇಳಿದನೋ ತಿಳಿಯಲಿಲ್ಲ. "ಆಯ್ತು ಹೋಗು. ಮುಯ್ಯಾಳು ತಪ್ಪಿಸ್ಬ್ಯಾಡ," ಎಂದು ಫೋನು ಇಟ್ಟ.

ಅಮಾವಾಸ್ಯೆಯ ದಿನ ಅಣ್ಣ ಅಲ್ಲಿ ಸಂಜೆ ಎಡೆ ಇಡುತ್ತಾನೆ, ಮಾಂಸ, ಕಜ್ಜಾಯ, ವಡೆ, ಹೊಸಬಟ್ಟೆ ಎಲ್ಲ ಇಟ್ಟು. ನನಗೆ ಸಂಜೆಯವರೆಗೆ ಸಮಯವಿರಲಿಲ್ಲ, ಬೆಳಿಗ್ಗೆಯೇ ಇಟ್ಟೆ. ಈ ದಿನಗಳಲ್ಲಿ ಅತ್ತೆಯ ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲ. ಮಡುವಾ ಮುದ್ದೆ, ಗಹತ್ ಬಸ್ಸಾರು, ಒಂದು ಕಟ್ಟು ಬೀಡಿ. ಬಾಳೆಲೆ ಸಿಗದೆ ಹಿತ್ತಾಳೆ ತಟ್ಟೆ. ನಮ್ಮ ಪದ್ಧತಿಯಂತೆ ಬಾಗಿಲು ಮುಂದೆ ಮಾಡಿ ಮೂವರೂ ಹೊರಗೆ ಕೂತೆವು, ಹಿರಿಯರು ಬಂದು ಉಂಡು ಹೋಗಲಿ ಎಂದು. ನಿಮ್ಮಪ್ಪನಿಗೆ ಈ ದಾರಿ ಗೊತ್ತಾ ಎಂದು ಅತ್ತೆ ಕೇಳಿದರು. ಅಪ್ಪ ಬದುಕಿದ್ದಾಗ ತುಮಕೂರು ದಾಟಿದವನಲ್ಲ. ಹುಡುಕಿಕೊಂಡು ಬರುತ್ತಾನೆ, ಸಂಜೆಗೆ ಅವನು ಅಣ್ಣನ ಮನೆಗೂ ಹೋಗಬೇಕಲ್ಲ ಎಂದೆ.

ಅಷ್ಟರಲ್ಲಿ ಮೇಲಿನಿಂದ ಕಾಕಿಯ ಕೂಗು. ಹೆಂಗಸರೆಲ್ಲ ಆಗಲೇ ಹತ್ತಿಯಾಗಿತ್ತು. ಅಪ್ಪ ಉಂಡು ಮುಗಿಸುವಷ್ಟು ಹೊತ್ತು ಇನ್ನೂ ಆಗಿರಲಿಲ್ಲ. ನಾನು ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು, "ಒಸಿ ಹೊತ್ತು ಬುಟ್ಟು ಬಾಗ್ಲು ತೆಗಿ," ಎಂದು ಹೇಮಾಗೆ ಹೇಳಿ ಬೆಟ್ಟ ಹತ್ತಿದೆ.